ನಕ್ಕರೆ ನೋಯದ ಗಂಟು

ನನ್ನ ಓರಗಿತ್ತಿ ಮದುವೆಯಾಗಿ ನಮ್ಮ ಮನೆಗೆ ಬಂದ ವಾರದಲ್ಲೇ ಹಿತ್ತಿಲ ಬಾಗಿಲಿಗೆ ಹಣೆ ಹೊಡೆದುಕೊಂಡಳು. ಆ ಬಾಗಿಲು ಗಿಡ್ಡ. "ತಲೆ ಬಗ್ಗಿಸಿ ಓಡಾಡೋದು ಕಲಿಯಮ್ಮ" ಎಂದರು ಅತ್ತೆ. "ಬಾಗಿಲನ್ನೇ ಸ್ವಲ್ಪ ಎತ್ತರಿಸಿದ್ರೆ ಆಗಲ್ವಾ ಅತ್ತೆ?" ಎಂದಳು ಇವಳು, ಹಣೆ ಉಜ್ಜಿಕೊಳ್ಳುತ್ತಾ. ನಾನು ಅಷ್ಟು ಹೊತ್ತಿಗಾಗಲೇ ಆ ಮನೆಯಲ್ಲಿ ವರ್ಷಗಟ್ಟಲೆ ಬಗ್ಗಿಕೊಂಡೇ ಓಡಾಡಿದ್ದೆ. ಹಾಗೊಂದು ಪ್ರಶ್ನೆ ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಮುಂದಿನ ಸಲ ಮನೆಗೆ ಸುಣ್ಣ ಬಳಿಸುವಾಗ ಗಾರೆಯವನು ಬಂದು ಬಾಗಿಲನ್ನು ಎತ್ತರಿಸಿ ಹೋದ.

ಅವಳ ಸ್ವಭಾವ ತಿಳಿಯಲು ಇಷ್ಟು ಸಾಕು. ಇನ್ನು ಅವಳ ಕೂದಲು. ಬಿಚ್ಚಿದರೆ ಸೊಂಟ ದಾಟುವ, ಒಂದು ಕೈಯ ಹಿಡಿಗೆ ಸಿಗದ ಕೂದಲು. ಅದನ್ನು ಅವಳು ಮುದ್ದು ಮಾಡಿದವಳಲ್ಲ. ಕನ್ನಡಿ ಮುಂದೆ ಕೂತು ಹೊತ್ತು ಕಳೆದವಳೂ ಅಲ್ಲ. ಹಸುವನ್ನು ಗೂಟಕ್ಕೆ ಕಟ್ಟುವ ಹಾಗೆ ಎಳೆದು ಕಟ್ಟಿ, ಮರೆತು, ಕೆಲಸಕ್ಕೆ ಹೋಗುತ್ತಿದ್ದಳು.

ಕೆಲಸ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ. ಉದ್ದನೆಯ ಕೋಣೆ, ಒಂದು ಕಡೆಯ ಗೋಡೆಯಾಚೆ ಒಲೆಗಳು. ಆ ಗೋಡೆಗೆ ಬೆನ್ನು ಕೊಟ್ಟು ನಿಂತವರ ಬೆನ್ನು ಚಳಿಗಾಲದಲ್ಲೂ ಬೆವರುತ್ತದೆ. ನಡುವೆ ಸಾಲಿಗೊಂದರಂತೆ ಓಡುವ ಪಟ್ಟಿಗಳ ಮೇಲೆ ಬಿಸ್ಕತ್ತುಗಳು ಬರುತ್ತವೆ, ಎರಡೂ ಬದಿಗೆ ನಿಂತ ಹೆಂಗಸರು ಮುರಿದದ್ದನ್ನು ಆರಿಸಿ ಬಿಸಾಡಿ, ಉಳಿದದ್ದನ್ನು ಟ್ರೇಗೆ ಜೋಡಿಸುತ್ತಾರೆ, ಪ್ರತಿ ಪಟ್ಟಿಯ ಕೊನೆಯಲ್ಲಿ ಯಂತ್ರವೊಂದು ಪೊಟ್ಟಣದ ಬಾಯಿಯನ್ನು ಬಿಸಿ ಮಾಡಿ ಒತ್ತಿ ಮುಚ್ಚುತ್ತದೆ. ಒಳಗೆ ಹೋಗುವ ಮುನ್ನ ಒಂದು ಸಣ್ಣ ಕೋಣೆ: ಗೂಟಗಳಲ್ಲಿ ಬಿಳಿ ಕೋಟು, ಒಂದು ಬೆಂಚು, ಒಡೆದ ಮೂಲೆಯ ಕನ್ನಡಿ, ಬಟ್ಟೆಯ ಮೇಲೆ ಬಿದ್ದ ಕೂದಲನ್ನು ಎತ್ತುವ ಅಂಟಿನ ರೋಲರ್. ಓರಗಿತ್ತಿ ಆ ಹಾಲಿನ ಒಂದು ಸಾಲಿಗೆ ಮುಖ್ಯಸ್ಥೆ. ಹೊಸದಾಗಿ ಸೇರಿದವರನ್ನು ಆ ಕನ್ನಡಿಯ ಮುಂದೆ ನಿಲ್ಲಿಸಿ ತಲೆ ಕಟ್ಟುವುದನ್ನು ಕಲಿಸುವುದೂ ಅವಳ ಪಾಲಿಗೆ ಬಂದಿತ್ತು.

ಅವಳ ಪದ್ಧತಿ ಇದು. ಮೊದಲು ಕೂದಲನ್ನು ಒದ್ದೆ ಮಾಡಬೇಕು, ಒಣಗಿದ ಕೂದಲು ಹಾರುತ್ತದೆ. ಆಮೇಲೆ ಹಿಂದಕ್ಕೆ ಎಳೆದು ಬಾಚಿ ರಬ್ಬರ್ ಬ್ಯಾಂಡ್ ಹಾಕಬೇಕು, ಅದರ ಬುಡದಲ್ಲಿ ಸುತ್ತಿ ಸುತ್ತಿ ಗಂಟು. ಗಂಟಿನ ಮೇಲೆ ಬಲೆ, ಬಲೆಯ ಮೇಲೆ ಎಲಾಸ್ಟಿಕ್ ಟೋಪಿ. ಆ ಗಂಟು ಎಷ್ಟು ಬಿಗಿಯೆಂದರೆ ಅವಳ ಸಾಲಿನ ಹೆಂಗಸರೆಲ್ಲ ಏನೋ ಅಚ್ಚರಿಯ ಸುದ್ದಿ ಕೇಳಿದವರ ಹಾಗೆ ಕಾಣುತ್ತಿದ್ದರಂತೆ. ಎದುರಿಗೆ 'ಅಕ್ಕ' ಅನ್ನುತ್ತಿದ್ದರು, ಹಿಂದಿನಿಂದ 'ಗಂಟಕ್ಕ'. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. "ಗೌರವದಿಂದ ಇಟ್ಟ ಹೆಸರು" ಅನ್ನುತ್ತಿದ್ದಳು.

ಹೀಗಿರುವಾಗ ಅಂಗಡಿಯವನೊಬ್ಬ ಒಡೆದ ಪೊಟ್ಟಣವೊಂದನ್ನು ಹಿಡಿದು ಕಾರ್ಖಾನೆಯ ಗೇಟಿಗೆ ಬಂದ. ಬಿಸ್ಕತ್ತಿನ ಮೇಲೆ ಒಂದು ಕೂದಲು. ಮ್ಯಾನೇಜರು ಅದನ್ನು ಕಾಗದದ ಮೇಲಿಟ್ಟು ಹಾಲಿನ ತುಂಬ ಮೆರವಣಿಗೆ ಮಾಡಿಸಿದರು. ಅವರು ಕೆಟ್ಟವರಲ್ಲ. ಹೆದರಿದವರು. ಮೇಲಿನವರು ಏನನ್ನುತ್ತಾರೋ ಎಂಬ ಹೆದರಿಕೆಯಲ್ಲಿ ಅವರ ತಲೆ ವಯಸ್ಸಿಗೆ ಮುಂಚೆಯೇ ಬರಿದಾಗಿತ್ತೆಂದು ಹಾಲಿನ ಹೆಂಗಸರು ಹೇಳುತ್ತಿದ್ದರು.

ಇನ್ನಷ್ಟು ಬಿಗಿಯಾಗಿ ಕಟ್ಟಿರೆಂದು ಅಪ್ಪಣೆಯಾಯಿತು. ಓರಗಿತ್ತಿ ಅದನ್ನು ಸವಾಲೆಂದು ತೆಗೆದುಕೊಂಡಳು. ಒಂದು ಬಲೆ ಇದ್ದಲ್ಲಿ ಎರಡು ಬಲೆ. ದಿನವೂ ಬೆಳಗ್ಗೆ ತಲೆಗೆ ಸ್ನಾನ ಮಾಡಿಯೇ ಬರಬೇಕೆಂದು ಸಾಲಿನವರಿಗೆ ತಾಕೀತು. ಕೊಳೆ ಇಲ್ಲದಿದ್ದರೆ ಕೂದಲು ಉದುರುವುದಿಲ್ಲವೆಂದು ಅವಳ ಲೆಕ್ಕಾಚಾರ. ನೀರು ಸೋರುವ ತಲೆಗೆ ಗಂಟು, ಗಂಟಿಗೆ ಬಲೆ, ಒಲೆಯ ಗೋಡೆಯ ಪಕ್ಕ ಪಾಳಿ ಮುಗಿಯುವವರೆಗೆ ನಿಲ್ಲುವುದು. ಸಂಜೆ ಟೋಪಿ ತೆಗೆದರೆ ತಲೆ ಬೇಯಿಸಿದ ತರಕಾರಿಯ ಹಾಗೆ ಹಬೆಯಾಡುತ್ತಿತ್ತು. ತುರಿಕೆ ಶುರುವಾಯಿತು. ಹೊಟ್ಟು ಶುರುವಾಯಿತು. ಟೋಪಿಯೊಳಗೆ ಬೆರಳು ತೂರಿಸಿ ಉಗುರಿನಿಂದ ಕೆರೆಯುವುದು ಶುರುವಾಯಿತು. ಮತ್ತೊಂದು ಪೊಟ್ಟಣ ವಾಪಸು ಬಂತು, ಮತ್ತಷ್ಟು ಬಿಗಿದರು. ಇನ್ನೊಂದು ಬಂತು, ಇನ್ನೂ ಬಿಗಿದರು. ಬಿಗಿದಷ್ಟೂ ಉದುರುತ್ತಿದೆಯೆಂದು ಆ ಹಾಲಿನಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಉದುರುವುದು ಕಂಡರೆ ಬಿಗಿಯುವುದು ಅಲ್ಲಿ ಕೈಗೆ ಹತ್ತಿದ ಅಭ್ಯಾಸವಾಗಿತ್ತು.

ಮನೆಯಲ್ಲಿ ಮೊದಲು ಗಮನಿಸಿದ್ದು ಅತ್ತೆ. ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆಗೆ ಕನ್ನಡಕ ಹಾಕಿಕೊಂಡರೆ ಯಾರಲ್ಲಿ ಏನು ಕೊರತೆಯಿದೆ ಎಂದು ನೋಡುವ ಚಟ.

"ಏನೇ, ನಿನ್ನ ಹಣೆ ದೊಡ್ಡದಾಗ್ತಾ ಇದ್ಯಲ್ಲ" ಎಂದರು.

"ಬುದ್ಧಿ ಜಾಸ್ತಿ ಆಗ್ತಾ ಇರ್ಬೇಕು ಅತ್ತೆ."

"ಬುದ್ಧಿಗೆ ಜಾಗ ಬೇಕು ಅಂತ ಕೂದಲನ್ನ ಓಡಿಸ್ತಾರಾ ಯಾರಾದ್ರೂ? ಇತ್ತ ತಿರುಗು."

ತಿರುಗಿದಳು. ಎರಡೂ ಕಿವಿಗಳ ಮೇಲೆ, ಕೆನ್ನೆಕೂದಲು ಇರಬೇಕಾದ ಕಡೆ, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ನಾನೂ ನೋಡಿದೆ. ಮೈದುನ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೆಂಡತಿಯ ತಲೆಯ ಬಗ್ಗೆ ಅಭಿಪ್ರಾಯ ಹೇಳದಿರುವಷ್ಟು ಜಾಣತನ ಅವನಿಗಿತ್ತು. ಆದರೆ ಮಾರನೆಯ ದಿನ ಹೊಳೆಯುವ ಸೀಸೆಯೊಂದನ್ನು ತಂದು ಕನ್ನಡಿಯ ಕೆಳಗಿಟ್ಟ. ಅದರ ಮೇಲೆ ಜಲಪಾತದಂಥ ಕೂದಲಿನ ಹುಡುಗಿಯ ಚಿತ್ರ. ಅತ್ತೆ ಈರುಳ್ಳಿ ರಸ ಹಿಂಡಿಕೊಟ್ಟರು. ಓರಗಿತ್ತಿ ಎರಡನ್ನೂ ಬಿಡದೆ ಹಚ್ಚಿದಳು, ಹೊಟ್ಟಿನ ಮೇಲೆ ಎಣ್ಣೆಯನ್ನೂ ತಟ್ಟಿದಳು, ಬೆಳಗ್ಗೆ ಎದ್ದು ತೊಳೆದು, ಒದ್ದೆಯಲ್ಲೇ ಎಳೆದು ಗಂಟು ಕಟ್ಟಿ ಹೋದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿರುತ್ತಿತ್ತಂತೆ. "ಈರುಳ್ಳಿಯಿಂದ ಒಂದು ಉಪಯೋಗ ಅಂತೂ ಆಯ್ತು, ಆರಾಮಾಗಿ ಕೂತು ಹೋಗ್ತೀನಿ" ಎಂದಳು.

ಸೀಸೆ ಖಾಲಿಯಾಯಿತು. ಹಣೆ ಚಿಕ್ಕದಾಗಲಿಲ್ಲ. ಆಗ ನಾನು ಹೇಳಿದೆ, ಚರ್ಮದ ಡಾಕ್ಟರ ಹತ್ತಿರ ಹೋಗೋಣ ಎಂದು.

"ಕೂದಲಿಗೆ ಡಾಕ್ಟರಾ ಅಕ್ಕ? ಜ್ವರ ಬಂದವರು ಕಾಯ್ತಾ ಇರ್ತಾರೆ, ನಾನು ಕೂದಲು ಹಿಡ್ಕೊಂಡು ಹೋಗ್ಲಾ?"

"ತಲೆ ಹಿಡ್ಕೊಂಡು ಬಾ ಸಾಕು. ಅದು ಚರ್ಮ. ಅವರು ಚರ್ಮ ನೋಡೋರು."

ಡಾಕ್ಟರು ನಮ್ಮಿಬ್ಬರಿಗಿಂತ ಚಿಕ್ಕ ಹೆಂಗಸು. ದೀಪವಿದ್ದ ಭೂತಗನ್ನಡಿ ಹಿಡಿದು ಅವಳ ನೆತ್ತಿ, ಕಿವಿಯ ಮೇಲೆ, ಕುತ್ತಿಗೆಯ ಅಂಚು ಎಲ್ಲ ನೋಡಿದರು. ಊಟ, ನಿದ್ದೆ, ಮುಟ್ಟು, ಮನೆತನದಲ್ಲಿ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು, ರಕ್ತಪರೀಕ್ಷೆಗೆ ಬರೆದರು. ಆಮೇಲೆ ಕುರ್ಚಿಗೆ ಒರಗಿ, "ದಿನಾ ಹೇಗೆ ಕಟ್ತೀರೋ ಹಾಗೆ ಒಂದ್ಸಲ ಕಟ್ಟಿ ತೋರಿಸಿ" ಎಂದರು.

ಓರಗಿತ್ತಿಗೆ ಖುಷಿಯಾಯಿತು. ಕೈಚಳಕ ತೋರಿಸುವ ಅವಕಾಶ. ಮೇಜಿನ ಮೇಲಿದ್ದ ನೀರಿನಲ್ಲಿ ಅಂಗೈ ಒದ್ದೆ ಮಾಡಿಕೊಂಡು, ಎಳೆದು, ತಿರುಚಿ, ಗಂಟು ಹಾಕಿ ಕೈ ಬಿಟ್ಟಳು.

"ನಗಿ ನೋಡೋಣ" ಎಂದರು ಡಾಕ್ಟರು.

"ಯಾಕೆ?"

"ಸುಮ್ನೆ. ಜೋರಾಗಿ."

ಓರಗಿತ್ತಿ ನಕ್ಕಳು, ಅರ್ಧಕ್ಕೇ ಮುಖ ಹಿಂಡಿಕೊಂಡಳು.

"ಎಲ್ಲಿ ನೋವಾಯ್ತು?"

ಅವಳು ಎರಡೂ ಕೈಯ ಬೆರಳನ್ನು ಕಿವಿಗಳ ಮೇಲೆ ಇಟ್ಟಳು. ಸರಿಯಾಗಿ ಚರ್ಮ ಹೊಳೆಯುತ್ತಿದ್ದ ಜಾಗ.

"ಆ ಜಾಗದ ಬೇರು ಇಡೀ ದಿನ ಆ ನೋವನ್ನ ತಡ್ಕೊಳ್ತಾ ಇರುತ್ತೆ. ನೀವು ಅಭ್ಯಾಸ ಆಗಿ ಮರೆತಿದ್ದೀರಿ, ಅದು ಮರೆತಿಲ್ಲ. ಎಳೀತಾ ಎಳೀತಾ ಕೈ ಬಿಟ್ಟಿದೆ."

"ಸಡಿಲವಾಗಿ ಕಟ್ಟಿದ್ರೆ ಬಿಸ್ಕತ್ತಿಗೆ ಬೀಳುತ್ತೆ ಡಾಕ್ಟ್ರೇ."

"ಬಿಗಿಯಾಗಿ ಕಟ್ಟಿದ್ದಕ್ಕೇ ಬೀಳ್ತಾ ಇರೋದು. ಉದುರಿದ ಕೂದಲು ಬಲೆಯೊಳಗೆ ಎಷ್ಟು ಹೊತ್ತು ಇರುತ್ತೆ? ತುರಿಸೋಕೆ ಬೆರಳು ಹಾಕ್ತೀರಿ, ಹೊರಗೆ ಬರುತ್ತೆ."

ಉಳಿದದ್ದನ್ನು ಡಾಕ್ಟರು ನಿಧಾನವಾಗಿ ಹೇಳಿದರು. ಒದ್ದೆ ಕೂದಲು ಒಣಗಿದ್ದಕ್ಕಿಂತ ಬೇಗ ತುಂಡಾಗುತ್ತದೆ, ಅದನ್ನು ಎಳೆಯಬಾರದು, ಮುಚ್ಚಲೂಬಾರದು. ನೆತ್ತಿಯೂ ಮೈಯ ಚರ್ಮವೇ, ಬೆವರಿದರೆ ತೊಳೆಯಬೇಕು, ತೊಳೆದರೆ ಒಣಗಬೇಕು. ತೊಳೆಯುವಾಗ ಉಗುರಲ್ಲ, ಬೆರಳ ತುದಿ. ಹೊಟ್ಟಿಗೆ ಅದರದ್ದೇ ಶಾಂಪೂ ಇದೆ, ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಬೇಕು, ಹೊಟ್ಟಿನ ಮೇಲೆ ಎಣ್ಣೆ ತಟ್ಟುವುದು ಬೇಡ. ಎಲ್ಲರ ತಲೆಯಿಂದಲೂ ದಿನಾ ಒಂದಿಷ್ಟು ಕೂದಲು ತಾನಾಗಿಯೇ ಹೋಗುತ್ತದೆ, ಅದು ರೋಗವಲ್ಲ. ಹೋಗಿರುವುದು ಮತ್ತೆ ಬರುತ್ತದೆಯೇ ಎಂದು ಓರಗಿತ್ತಿ ಕೇಳಿದಳು.

"ಬೇರು ಮಲಗಿದ್ರೆ ಏಳಬಹುದು. ಸತ್ತಿದ್ರೆ ಇಲ್ಲ. ಯಾವುದು ಯಾವುದು ಅಂತ ಈಗ್ಲೇ ಹೇಳೋಕಾಗಲ್ಲ. ತಿಂಗಳುಗಟ್ಟಲೆ ಕಾಯ್ಬೇಕು. ಉಳಿದದ್ದನ್ನ ಉಳಿಸ್ಕೊಳ್ಳೋದು ಮಾತ್ರ ನಿಮ್ಮ ಕೈಲಿದೆ."

ಮನೆಗೆ ಬರುವ ದಾರಿಯಲ್ಲಿ ಅವಳು ನಮ್ಮ ಬೀದಿಯ ತಿರುವಿನಲ್ಲಿ, ಸೈಕಲ್ ರಿಪೇರಿಯವನ ಅಂಗಡಿಯ ಮುಂದೆ, ನಿಂತು, "ಆಕೆ ಒಂದು ದಿನ ಪ್ಯಾಕಿಂಗ್ ಹಾಲಲ್ಲಿ ನಿಂತು ನೋಡ್ಲಿ" ಎಂದಳು. ಒಂದು ವಾರ ಡಾಕ್ಟರನ್ನು ಬೈದಳು, ಹಟಕ್ಕೆ ಬಿಗಿಯಾಗಿಯೇ ಕಟ್ಟಿದಳು. ಆದರೆ ಅವಳ ಹಟದಲ್ಲಿ ಒಂದು ಪ್ರಾಮಾಣಿಕತೆ ಇತ್ತು, ಎದುರಾಳಿಯ ಮಾತನ್ನು ಸುಳ್ಳೆಂದು ತೋರಿಸಲು ಪರೀಕ್ಷೆ ಮಾಡಿ ನೋಡುತ್ತಿದ್ದಳು. ಒಂದು ದಿನ ಎಂದಿನಂತೆ ಹೋಗಿ, ಸಂಜೆ ಬಂದು ಟೋಪಿಯನ್ನು ಬಿಳಿ ಟವೆಲಿನ ಮೇಲೆ ಕೊಡವಿದಳು, ಕೂದಲು ಎಣಿಸಲಾಗದಷ್ಟು ಬಿತ್ತು. ಇನ್ನೊಂದು ದಿನ ಹಿಂದಿನ ಸಂಜೆಯೇ ತೊಳೆದು ಒಣಗಿಸಿ, ಹೊರಡುವ ಮುಂಚೆ ಚೆನ್ನಾಗಿ ಬಾಚಿ, ಸಡಿಲ ಜಡೆ ಹೆಣೆದು ಮಡಚಿ ಹೋದಳು. ಆ ಸಂಜೆ ಟವೆಲಿನ ಮೇಲೆ ಹೆಚ್ಚೇನೂ ಬೀಳಲಿಲ್ಲ. ಹೋಗಬೇಕಾದ ಕೂದಲು ಬೆಳಗ್ಗೆ ಬಾಚಣಿಗೆಗೇ ಹೋಗಿತ್ತು. ಟವೆಲನ್ನು ನನ್ನ ಮುಂದೆ ಹಿಡಿದು, "ಆಯಮ್ಮ ಹೇಳಿದ್ದು ಸರಿ" ಎಂದಳು, ಯಾರೋ ಹಲ್ಲು ಕಿತ್ತ ಹಾಗೆ.

ಸಾಲಿನವರಿಗೆ ಇದನ್ನು ಹೇಳಬೇಕೆಂದು ಅವಳು ಮನಸ್ಸು ಮಾಡುವಷ್ಟರಲ್ಲಿ ಮ್ಯಾನೇಜರ ಹೊಸ ಅಪ್ಪಣೆ ಬಂತು. ಪ್ಯಾಕಿಂಗ್ ಹಾಲಿನಲ್ಲಿ ಉದ್ದ ಕೂದಲು ಇರಕೂಡದು. ಶನಿವಾರ ಕಟಿಂಗ್ ಶಾಪಿನವನು ಕ್ಯಾಂಟೀನಿಗೆ ಬರುತ್ತಾನೆ. ಎಲ್ಲರೂ ಕಿವಿಯ ಮೇಲಕ್ಕೆ ಕತ್ತರಿಸಿಕೊಳ್ಳಬೇಕು. ಒಪ್ಪದವರಿಗೆ ಹಿಟ್ಟಿನ ಗೋದಾಮು: ಮೂಟೆ ಎಳೆಯುವ ಕೆಲಸ, ಹಿಟ್ಟಿನ ದೂಳು, ಕಿಟಕಿಯಿಲ್ಲ.

ಕ್ಯಾಂಟೀನಿನಲ್ಲಿ ನಡೆದದ್ದನ್ನು ಅವಳು ಹೇಳಿದ್ದಕ್ಕಿಂತ ಚೆನ್ನಾಗಿ ಅವಳ ಸಾಲಿನ ಸಣ್ಣಿ ನನಗೆ ಹೇಳಿದ್ದಾಳೆ. ಸಣ್ಣಿ ಎಂದರೆ ಆ ಸಾಲಿನಲ್ಲೇ ದಪ್ಪನೆಯ ಹೆಂಗಸು. ಹೆಸರಿಟ್ಟವರು ಕುಚೋದ್ಯದವರು.

ಎಲ್ಲರೂ ಟೀ ಲೋಟ ಹಿಡಿದು ಗುಸುಗುಸು ಮಾಡುತ್ತಿದ್ದರು. "ಅವರಿಗೇನು, ಕತ್ತರಿಸೋಕೆ ಅವರ ತಲೇಲಿ ಏನಿದೆ" ಎಂದು ಯಾರೋ ಅಂದದ್ದಕ್ಕೆ ನಗೆ ಎದ್ದಿತ್ತು. ಆ ಹೊತ್ತಿಗೆ ಮ್ಯಾನೇಜರು ಒಳಗೆ ಬಂದರು. ನಗು ನಿಂತಿತು. ಓರಗಿತ್ತಿ ಎದ್ದು ನಿಂತಳು.

"ಸರ್, ನಾನು ಕತ್ತರಿಸಲ್ಲ. ನನ್ನ ಸಾಲಿನವರೂ ಕತ್ತರಿಸಲ್ಲ."

"ನೀವೇ ಹೀಗಂದ್ರೆ ಹೇಗಮ್ಮ? ತಲೆ ಕಟ್ಟೋದು ಕಲಿಸಿದವರೇ ನೀವು."

"ಕಲಿಸಿದ್ದು ತಪ್ಪಾಗಿತ್ತು. ಅದನ್ನ ಸರಿ ಮಾಡ್ತೀನಿ. ಬೇಸಿಗೆ ಮುಗಿಯೋವರೆಗೆ ಸಮಯ ಕೊಡಿ."

"ಮೇಲಿನವರು ನನ್ನನ್ನ ಕೇಳ್ತಾರೆ."

"ಬಿಸ್ಕತ್ತು ನಿಮ್ಮದು ಸರ್, ಅದಕ್ಕೆ ಕೂದಲು ಬೀಳದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ಆ ಕೆಲಸ ಆಗ್ದಿದ್ರೆ ಕೇಳಿ. ತಲೆ ನಮ್ಮದು. ಅದು ಹೇಗಿರ್ಬೇಕು ಅಂತ ನೀವು ಕೇಳೋ ಹಾಗಿಲ್ಲ."

ಮ್ಯಾನೇಜರು ಸುತ್ತ ನೋಡಿದರು. ಇಡೀ ಸಾಲನ್ನು ಗೋದಾಮಿಗೆ ಕಳಿಸಿದರೆ ಬಿಸ್ಕತ್ತನ್ನು ತಾವೇ ಜೋಡಿಸಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು.

"ಸರಿ. ಬೇಸಿಗೆ ಮುಗಿಯೋದ್ರೊಳಗೆ ನಿಮ್ಮ ಸಾಲಿಂದ ಒಂದು ಕೂದಲು ಸಿಕ್ಕಿದ್ರೆ?"

"ನನ್ನ ತಲೆ ಕತ್ತರಿಸಿ. ಇಲ್ಲೇ, ಇವರೆಲ್ಲರ ಮುಂದೆ. ಆದ್ರೆ ನನ್ನದು ಮಾತ್ರ. ಇವರ ತಂಟೆಗೆ ಬರ್ಬಾರ್ದು, ಆವತ್ತೂ, ಆಮೇಲೂ."

"ಒಂದೇ ಒಂದು ಕೂದಲು ಸಿಕ್ಕಿದ್ರೂ?"

"ಒಂದು ಅಂದ್ರೆ ಒಂದೇ ಸರ್. ಎರಡನೇದಕ್ಕೆ ಕಾಯ್ಬೇಕಾಗಿಲ್ಲ."

ಮ್ಯಾನೇಜರು ಎಲ್ಲರ ಎದುರಿಗೆ ಒಪ್ಪಿದರು. ಶನಿವಾರ ಬಂದ ಕಟಿಂಗ್ ಶಾಪಿನವನು ಟೀ ಕುಡಿದು ವಾಪಸು ಹೋದ.

ಮಾತು ಕೊಟ್ಟದ್ದು ಸುಲಭ. ಬಿಗಿ ಬಿಡಿಸುವುದೇ ಕಷ್ಟವಾಯಿತು. ಒಡೆದ ಕನ್ನಡಿಯ ಮುಂದೆ ಅವಳು ತನ್ನ ಟೋಪಿ ತೆಗೆದು, ಕಿವಿಯ ಮೇಲಿನ ಬೋಳನ್ನು ಎಲ್ಲರಿಗೂ ತೋರಿಸಿ, "ನಾನು ಕಲಿಸಿದ ಗಂಟಿಂದ ಆಗಿದ್ದು ಇದು. ನಿಮಗೂ ಆಗ್ತಾ ಇದೆ. ಬಿಚ್ಚಿ" ಎಂದಳು. ಸಡಿಲವಾಗಿ ಕಟ್ಟಿದರೆ ಅವರಿಗೆ ಮೈಮೇಲೆ ಬಟ್ಟೆಯೇ ಇಲ್ಲದ ಹಾಗೆ ಆಗುತ್ತಿತ್ತಂತೆ. ಇವಳು ಬೆನ್ನು ತಿರುಗಿಸಿದ ಕೂಡಲೆ ಮತ್ತೆ ಎಳೆದು ಬಿಗಿಯುತ್ತಿದ್ದರು. ಬೆರಳು ಹಾಕಿ ನೋಡಿದರೆ ಜಗಳ. ಕೊನೆಗೆ ಡಾಕ್ಟರ ಉಪಾಯವನ್ನೇ ಹಿಡಿದಳು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ, "ನಗು" ಅನ್ನುತ್ತಿದ್ದಳು. ನಕ್ಕಾಗ ಮುಖ ಹಿಂಡಿದವರು ವಾಪಸು ಕನ್ನಡಿಗೆ. ಗಂಟಕ್ಕನ ಆ ಮುಖ ನೋಡಿ ನಗುವುದೇ ಕಷ್ಟ ಎಂದು ಮೊದಮೊದಲು ದೂರು ಬಂತು. ಆಮೇಲೆ ಅದಕ್ಕೇ ನಗು ಬರತೊಡಗಿತು.

ಸಣ್ಣ ಕೋಣೆಯಲ್ಲಿ ಹಳೆಯ ಟೇಬಲ್ ಫ್ಯಾನ್ ಒಂದನ್ನು ಮನೆಯಿಂದ ಒಯ್ದು ಇಟ್ಟಳು. ಒಂದು ಮೂಲೆಯಲ್ಲಿ ಹಾಳೆ ಹಾಸಿ, ಬಲೆ ಹಾಕುವ ಮುಂಚೆ ಅಲ್ಲಿ ನಿಂತು ಬಾಚಿಕೊಳ್ಳಬೇಕೆಂದಳು, ಪ್ರತಿಯೊಬ್ಬರಿಗೂ ಅವರವರದೇ ಬಾಚಣಿಗೆ. ಟೋಪಿಗಳ ಎಲಾಸ್ಟಿಕ್ ಕಿತ್ತು ಕತ್ತಿನ ಹಿಂದೆ ಕಟ್ಟುವ ಲಾಡಿ ಹೊಲಿದಳು. ಬೆಳಗಿನ ಸ್ನಾನ ಹೋಗಿ ಸಂಜೆಯ ಸ್ನಾನ ಬಂತು. ಊಟದ ಬಿಡುವಿನಲ್ಲಿ ಟೋಪಿ ಬಿಚ್ಚಿ ತಲೆಗೆ ಗಾಳಿ. ಮ್ಯಾನೇಜರು ಒಂದು ಸಲ ಬಗ್ಗಿ ನೋಡಿ, "ಇದೇನು, ಬ್ಯೂಟಿ ಪಾರ್ಲರ್ ಇಟ್ಟಿದ್ದೀರಾ?" ಎಂದರಂತೆ. "ಹೌದು ಸರ್, ನಿಮಗೂ ಬೇಕಾದ್ರೆ ಬನ್ನಿ, ಫ್ಯಾನ್ ಗಾಳಿಯಾದ್ರೂ ಸಿಗುತ್ತೆ" ಎಂದು ಒಳಗಿನಿಂದ ಉತ್ತರ.

ಚಳಿ ಹೋಯಿತು, ಬಿಸಿಲು ಬಂತು. ತುರಿಕೆ ನಿಂತಿತು, ಹೊಟ್ಟು ಕಡಿಮೆಯಾಯಿತು. ಪೊಟ್ಟಣ ಹಿಡಿದು ಗೇಟಿಗೆ ಬರುವವರು ಬರಲಿಲ್ಲ. ಮನೆಯಲ್ಲಿ ಅತ್ತೆ ದಿನವೂ ಕನ್ನಡಕ ಹಾಕಿಕೊಂಡು ಅವಳ ಕಿವಿಯ ಮೇಲೆ ನೋಡಿ, "ಏನೂ ಇಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. "ನೀವು ದಿನಾ ಎದ್ದು ಬಂದು ನೋಡಿದ್ರೆ ಅದಕ್ಕೂ ಸಂಕೋಚ ಆಗಲ್ವಾ ಅತ್ತೆ?" ಎಂದು ಇವಳು.

ಬೇಸಿಗೆ ಮುಗಿಯುತ್ತ ಬಂದಿತ್ತು. ಆಕಾಶದಲ್ಲಿ ಮೋಡವೂ ಕಂಡಿತ್ತು. ಒಂದು ಮಧ್ಯಾಹ್ನ ಮ್ಯಾನೇಜರು ಸೀಲ್ ಯಂತ್ರದ ಬಳಿಯಿಂದ ಒಂದು ಪೊಟ್ಟಣ ಹಿಡಿದು ಬಂದರು. ಪೊಟ್ಟಣದ ಮುಚ್ಚಿದ ಅಂಚಿನಲ್ಲಿ ಒಂದು ಕೂದಲು ಸಿಕ್ಕಿಬಿದ್ದಿತ್ತು, ಅರ್ಧ ಒಳಗೆ, ಅರ್ಧ ಹೊರಗೆ. ಉದ್ದ, ಕಪ್ಪು. ಆ ಯಂತ್ರಕ್ಕೆ ಬರುವುದು ಓರಗಿತ್ತಿಯ ಸಾಲಿನ ಮಾಲು ಮಾತ್ರ.

ಪಟ್ಟಿ ನಿಂತಿತು. ಯಂತ್ರ ನಿಂತ ಮೇಲೆ ಆ ಹಾಲಿನಲ್ಲಿ ಒಲೆಗಳ ಸದ್ದು ಕೇಳುತ್ತದೆಂದು ಆವತ್ತು ಗೊತ್ತಾಯಿತಂತೆ. ಸಣ್ಣಿ ತನ್ನ ಟೋಪಿಯ ಮೇಲೆ ಕೈ ಇಟ್ಟುಕೊಂಡಳು. ಹಿಂದಿನ ಸಂಜೆ ಅವಳ ಮನೆಗೆ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಬೆಳಗ್ಗೆ ಬಂದ ನೀರಲ್ಲಿ ತಲೆಗೆ ಸ್ನಾನ ಮಾಡಿ, ಬಾಚದೆ, ಒದ್ದೆಯಲ್ಲೇ ಹಳೆಯ ಗಂಟು ಎಳೆದು ಕಟ್ಟಿ ಓಡಿ ಬಂದಿದ್ದಳು. ನಗುವ ತಪಾಸಣೆಯಲ್ಲಿ ಹಲ್ಲು ಕಚ್ಚಿ ನಕ್ಕು ಪಾಸಾಗಿದ್ದಳು. ಬೆವರಿ ತುರಿಕೆಯಾದಾಗ ಟೋಪಿಯೊಳಗೆ ಬೆರಳು ಹಾಕಿದ್ದಳು.

"ಅಕ್ಕ, ಅದು..." ಎಂದಳು.

"ಯಾರದ್ದು ಅಂತ ಯಾರೂ ಕೇಳಿಲ್ಲ" ಎಂದಳು ಓರಗಿತ್ತಿ, ಅವಳತ್ತ ತಿರುಗದೆ. "ಸಾಲು ನನ್ನದು." ಮ್ಯಾನೇಜರಿಗೆ, "ಕಟಿಂಗ್ ಶಾಪಿನವನನ್ನ ಕರೆಸಿ ಸರ್" ಎಂದಳು.

ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಮರದ ಕುರ್ಚಿ ಹಾಕಿದರು. ಕಟಿಂಗ್ ಶಾಪಿನವನು ಬಂದು ಬಿಳಿ ಬಟ್ಟೆ ಕೊಡವಿದ. ಸಾಲಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದರು, ಬೇರೆ ಸಾಲಿನವರು ಬಾಗಿಲಲ್ಲಿ ಒತ್ತಿಕೊಂಡಿದ್ದರು. ಓರಗಿತ್ತಿ ಜಡೆ ಬಿಚ್ಚಿದಳು. ಕೂದಲು ಕುರ್ಚಿಯ ಬೆನ್ನು ದಾಟಿ ಇಳಿಯಿತು. ಅದನ್ನು ಬಿಚ್ಚಿದ್ದನ್ನು ಮ್ಯಾನೇಜರು ನೋಡಿರಲಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದರು.

"ಇರ್ಲಿ ಬಿಡಿಯಮ್ಮ" ಎಂದರು. "ಈ ಸಲ ಬಿಟ್ಬಿಡ್ತೀನಿ. ಇಷ್ಟು ದಿನಕ್ಕೆ ಒಂದೇ ಅಲ್ವಾ. ನಾಳೆಯಿಂದ ಎಲ್ಲರೂ ಮೊದಲಿನ ಹಾಗೆ ಎರಡು ಬಲೆ ಹಾಕಿ ಬಿಗಿಯಾಗಿ ಕಟ್ಕೊಂಡು ಬನ್ನಿ, ಅಷ್ಟು ಸಾಕು. ನನಗೂ ಮೇಲೆ ಹೇಳೋಕೆ ಒಂದು ಮಾತಾಗುತ್ತೆ."

ಅವರು ದೊಡ್ಡ ಮನಸ್ಸು ಮಾಡಿಯೇ ಹೇಳಿದ್ದರು. ಗೋಡೆಗೆ ಒರಗಿದ್ದವರಲ್ಲಿ ಎಷ್ಟೋ ಜನ ಉಸಿರು ಬಿಟ್ಟರು. ಸಣ್ಣಿ ಅಳತೊಡಗಿದಳು. ಓರಗಿತ್ತಿ ಮಾತ್ರ ಆ ದೊಡ್ಡ ಮನಸ್ಸಿನೊಳಗೆ ಏನಿದೆ ಎಂದು ನೋಡಿದಳು. ಇವತ್ತು ಅವಳ ಜಡೆ ಉಳಿಯುತ್ತದೆ, ನಾಳೆಯಿಂದ ಎಲ್ಲರ ತಲೆಯ ಮೇಲೂ ಹಳೆಯ ಗಂಟು.

"ಆಗಲ್ಲ ಸರ್" ಎಂದಳು.

"ನಾನೇ ಬೇಡ ಅಂತಿದ್ದೀನಲ್ಲಮ್ಮ?"

"ನೀವು ಬಿಟ್ರೆ ಅದು ನಿಮ್ಮ ಉಪಕಾರ ಆಗುತ್ತೆ. ಉಪಕಾರ ತಗೊಂಡವಳು ನಾಳೆ ಬಾಯಿ ಬಿಡೋ ಹಾಗಿಲ್ಲ. ಒಂದು ಕೂದಲಿಗೆ ನನ್ನ ತಲೆ ಅಂತ ಮಾತಾಗಿತ್ತು, ಇವರ ತಂಟೆಗೆ ಬರಲ್ಲ ಅಂತಲೂ ಆಗಿತ್ತು. ನನ್ನ ಮಾತು ನಾನು ನಡೆಸ್ತೀನಿ. ನಿಮ್ಮದನ್ನ ನೀವು ನಡೆಸಿ." ಬಿಚ್ಚಿದ ಕೂದಲನ್ನು ಮತ್ತೆ ಜಡೆ ಹೆಣೆದು, ಕಟಿಂಗ್ ಶಾಪಿನವನಿಗೆ, "ಏನಪ್ಪ ನೋಡ್ತಾ ನಿಂತೆ? ಶುರು ಮಾಡು. ಮೊದಲು ಜಡೆ, ಆಮೇಲೆ ಸಣ್ಣಗೆ" ಎಂದಳು.

ಅವನು ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಕತ್ತರಿ ಕೂದಲೊಳಗೆ ಹೋಯಿತು. ಒಂದೇ ಸಲಕ್ಕೆ ಕತ್ತರಿಸಲಾಗದೆ ಅವನು ಅದನ್ನು ಹಗ್ಗ ಕೊಯ್ಯುವ ಹಾಗೆ ಕೊಯ್ಯಬೇಕಾಯಿತಂತೆ. ಹಿಂದೆ ಮುಗಿಸಿ ಪಕ್ಕಕ್ಕೆ ಬಂದ. ಕಿವಿಯ ಮೇಲೆ ಬಾಚಣಿಗೆ ಇಟ್ಟವನು ನಿಂತ. ಬಗ್ಗಿದ. ಬೆರಳಿನಿಂದ ಮೆಲ್ಲಗೆ ಸವರಿದ.

"ಅಕ್ಕ, ಇಲ್ಲಿ ಹೊಸ ಕೂದಲು ಬರ್ತಾ ಇದೆ. ಎಳೇದು, ಮಗುವಿನ ಕೂದಲಿನ ಹಾಗಿದೆ. ಇದನ್ನೂ ತೆಗೀಲಾ?"

ಅತ್ತೆಯ ಕನ್ನಡಕಕ್ಕೆ ಕಾಣದ್ದು ಅವನ ಬೆರಳಿಗೆ ಸಿಕ್ಕಿತ್ತು. ಓರಗಿತ್ತಿ ತನ್ನ ಬೆರಳನ್ನೂ ಅಲ್ಲಿಟ್ಟು ನೋಡಿದಳು. ನುಣುಪಿನ ಮೇಲೆ ಒಂದಿಷ್ಟು ತೆಳ್ಳಗೆ ಒರಟು.

"ಅದನ್ನ ಮುಟ್ಬೇಡ" ಎಂದಳು. "ಅದು ಮಾತು ಕೊಟ್ಟ ಮೇಲೆ ಬಂದಿದ್ದು. ಲೆಕ್ಕಕ್ಕಿಲ್ಲ."

ಯಾರೋ ನಕ್ಕರು. ನಗು ಗೋಡೆಯುದ್ದಕ್ಕೂ ಹರಿಯಿತು, ಅಳುತ್ತಿದ್ದ ಸಣ್ಣಿಯವರೆಗೆ. ಕೆಲಸ ಮುಗಿದ ಮೇಲೆ ಓರಗಿತ್ತಿ ಎದ್ದು, ಕುತ್ತಿಗೆ ಒರೆಸಿಕೊಂಡು, ಜಡೆಯನ್ನು ನೆಲದಿಂದ ಎತ್ತಿ ಮ್ಯಾನೇಜರ ಮುಂದಿನ ಮೇಜಿನ ಮೇಲೆ ಇಟ್ಟಳು.

"ಮೇಲಿನವರು ಕೇಳಿದ್ರೆ ಇದನ್ನ ತೋರಿಸಿ ಸರ್. ನಾಳೆ ಒಂದೇ ಬಲೆ, ಸಡಿಲ ಜಡೆ. ಮಾತಾಗಿದ್ದ ಹಾಗೆ."

ಮನೆಗೆ ಬಂದವಳನ್ನು ನೋಡಿ ಅತ್ತೆ ಯಾರು ಬೇಕಿತ್ತೆಂದು ಕೇಳಿದರು. ಗುರುತು ಸಿಕ್ಕ ಮೇಲೆ ಕನ್ನಡಕ ಹಾಕಿಕೊಂಡು ಬಂದು ಕಿವಿಯ ಮೇಲೆ ನೋಡಿ, "ಇದೆ" ಎಂದರು. ಮೈದುನ ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ, "ಕತ್ತು ಇಷ್ಟು ಉದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ" ಎಂದ. ಅವನ ಪಾಲಿಗೆ ಅದು ದೀರ್ಘ ಭಾಷಣ.

ಮ್ಯಾನೇಜರು ಮಾತಿಗೆ ನಿಂತರು. ನಿಲ್ಲದೆ ಬೇರೆ ದಾರಿಯಿರಲಿಲ್ಲ, ಅಷ್ಟು ಜನರ ಎದುರಿಗೆ ಆ ಜಡೆ ಮೇಜಿನ ಮೇಲೆ ಬಿದ್ದಿತ್ತು. ಸ್ವಲ್ಪ ದಿನದ ಮೇಲೆ ಉಳಿದ ಸಾಲಿನವರೂ ಬಾಚಣಿಗೆ ಹಿಡಿದು ಆ ಮೂಲೆಗೆ ಬರತೊಡಗಿದರು. ಆಮೇಲೆ ಕೂದಲು ಒಂದೂ ಸಿಕ್ಕಲೇ ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅಪರೂಪಕ್ಕೆ ಸಿಕ್ಕಿತು. ಸಿಕ್ಕಾಗ ಯಾರು ಬಾಚದೆ ಬಂದರೆಂದು ಕೇಳಿದರು, ಕತ್ತರಿಯನ್ನು ಯಾರೂ ನೆನೆಯಲಿಲ್ಲ.

ಗಿಡ್ಡ ಕೂದಲು ಬಹಳ ಸುಖವೆಂದು ಓರಗಿತ್ತಿ ಒಪ್ಪಿಕೊಂಡಳು. ತೊಳೆಯುವುದು ಸಲೀಸು, ಒಣಗಲು ಹೊತ್ತು ಬೇಡ. ಹಾಗೇ ಇಟ್ಟುಕೊಳ್ಳಬಾರದೇಕೆ ಎಂದು ನಾನು ಕೇಳಿದೆ.

"ನಾನಾಗಿ ಕತ್ತರಿಸ್ಕೊಂಡಿದ್ರೆ ಇಟ್ಕೋತಿದ್ದೆ ಅಕ್ಕ" ಎಂದಳು.

ಬೆಳೆಸಿದಳು. ಈಗ ಭುಜ ದಾಟಿದೆ. ಎಡಗಡೆಯ ಕಿವಿಯ ಮೇಲೆ ಕೂದಲು ಮುಚ್ಚಿಕೊಂಡಿದೆ. ಬಲಗಡೆ ಬಂದಿಲ್ಲ, ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಬೈತಲೆಯನ್ನು ಸ್ವಲ್ಪ ಸರಿಸಿದರೆ ಆ ಜಾಗ ಮುಚ್ಚುತ್ತದೆಂದು ಅತ್ತೆ ಬಾಚಣಿಗೆ ಹಿಡಿದು ತೋರಿಸಿದರು. ಇವಳು ಬೈತಲೆ ಸರಿಸಲಿಲ್ಲ. ಹೊಸದಾಗಿ ಸೇರಿದವರಿಗೆ ತೋರಿಸಲು ಅದು ಬೇಕು ಅನ್ನುತ್ತಾಳೆ.

ಮೊನ್ನೆ ಅವಳು ಮರೆತು ಹೋದ ಮನೆಯ ಕೀಲಿ ಕೊಡಲು ನಾನು ಆ ಸಣ್ಣ ಕೋಣೆಯ ಬಾಗಿಲವರೆಗೆ ಹೋಗಿದ್ದೆ. ಕೆಲಸಕ್ಕೆ ಹೊಸಬಳೊಬ್ಬಳು ಕನ್ನಡಿಯ ಮುಂದೆ ತಲೆ ಕಟ್ಟಿ, ಟೋಪಿಯ ಲಾಡಿ ಬಿಗಿದು, ಪರೀಕ್ಷೆಗೆ ನಿಂತಿದ್ದಳು. ಓರಗಿತ್ತಿ ಕೈ ಕಟ್ಟಿಕೊಂಡು ಅವಳನ್ನು ದಿಟ್ಟಿಸುತ್ತಿದ್ದಳು.

"ನಗು."

ಹೊಸಬಳು ಹೆದರಿ ಬಾಯಿ ಅಗಲಿಸಿದಳು.

"ಅದು ನಗು ಅಲ್ಲ, ಹಲ್ಲಿನ ಡಾಕ್ಟ್ರಿಗೆ ತೋರಿಸೋದು. ಸರಿಯಾಗಿ ನಗು."

ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಮ್ಯಾನೇಜರು, "ಕೆಲಸದ ಹೊತ್ತಲ್ಲಿ ಏನಮ್ಮ ನಗು?" ಎಂದರು.

"ತಪಾಸಣೆ ಸರ್" ಎಂದಳು ಓರಗಿತ್ತಿ, ತಿರುಗಿ ನೋಡದೆ.

ಹೊಸಬಳಿಗೆ ಆಗ ತಡೆಯಲಾಗಲಿಲ್ಲ. ನಕ್ಕಳು. ಅವಳ ಹುಬ್ಬು, ಹಣೆ, ಕಿವಿ ಎಲ್ಲ ತಮ್ಮ ತಮ್ಮ ಇಷ್ಟದಂತೆ ಅಲ್ಲಾಡಿದವು. ಓರಗಿತ್ತಿ ಅದನ್ನು ಪೂರ್ತಿ ನೋಡಿ, ಸರಿಯೆಂದು ತಲೆ ಆಡಿಸಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.